ಮುದಿ ಇಲಿಗಳೂ ನಾಂಪಲ್ಲಿಯ ದಾರಿಯೂ

ನನ್ನ ನೌಕರಿ ಏನೆಂದು ಯಾರಾದರೂ ಕೇಳಿದರೆ ‘ಸರ್ಕಾರಿ’ ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದೆ. ನಿಜ ಹೇಳಿದರೆ ಎದುರಿಗಿದ್ದವರ ಮುಖ ಹುಳ್ಳಗಾಗುತ್ತಿತ್ತು. ನಾನು ಇಲಿಗಳನ್ನು ಈಜಿಸುತ್ತಿದ್ದೆ. ಅದೂ ಎಂಥ ಇಲಿಗಳು, ಮೀಸೆ ಬೆಳ್ಳಗಾಗಿ ಬೆನ್ನು ಗೂನಾದ ಮುದಿ ಇಲಿಗಳು. ಹೈದರಾಬಾದಿನ ಒಂದು ಪ್ರಯೋಗಾಲಯದಲ್ಲಿ, ವಯಸ್ಸಾದಂತೆ ನೆನಪಿಗೆ ಏನಾಗುತ್ತದೆ ಎಂದು ಪರೀಕ್ಷಿಸುವ ವಿಭಾಗದಲ್ಲಿ ನಾನು ಟೆಕ್ನಿಷಿಯನ್. ಮದುವೆಯ ಗೋಜಿಗೆ ಹೋಗದ ನನಗೆ ಇಲಿಗಳ ಸಂಸಾರವೇ ಸಾಕಾಗಿತ್ತು ಎಂದು ನಮ್ಮ ಬಳಗದವರು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ. ಆ ಇಲಿಗಳು ಒಂದು ದಿನವೂ ನನ್ನ ಅಡುಗೆಗೆ ಉಪ್ಪು ಕಡಿಮೆ ಎನ್ನಲಿಲ್ಲ.

ಕೆಲಸ ಕೇಳಲು ವಿಚಿತ್ರ, ಮಾಡಲು ಸುಲಭ. ಕೋಣೆಯ ನಡುವೆ ದೊಡ್ಡ ದುಂಡನೆಯ ತೊಟ್ಟಿ. ಅದರ ನೀರಿಗೆ ಹಾಲಿನ ಪುಡಿ ಕಲಸಿ ಬೆಳ್ಳಗೆ ಮಾಡುತ್ತಿದ್ದೆವು. ನೀರಿನ ಮಟ್ಟಕ್ಕಿಂತ ಒಂದು ಬೆರಳು ಕೆಳಗೆ, ಕಣ್ಣಿಗೆ ಕಾಣದ ಹಾಗೆ, ಒಂದು ಪುಟ್ಟ ಕಟ್ಟೆ. ಇಲಿಯನ್ನು ನೀರಿಗೆ ಬಿಟ್ಟರೆ ಅದು ಈಜಾಡಿ, ತಡಕಾಡಿ, ಕೊನೆಗೊಮ್ಮೆ ಕಟ್ಟೆ ಸಿಕ್ಕು ಹತ್ತಿ ಕೂರುತ್ತದೆ. ಮಾರನೆಯ ದಿನ ಬಿಟ್ಟಾಗ ಬಾಗಿಲು ಎಲ್ಲಿದೆ, ಗೋಡೆಯ ಮೇಲಿನ ಪಟ ಎಲ್ಲಿದೆ, ನಾನು ಎಲ್ಲಿ ನಿಂತಿದ್ದೇನೆ ಎಂಬ ಗುರುತು ಹಿಡಿದು ಬೇಗ ತಲುಪುತ್ತದೆ. ಎಷ್ಟು ಹೊತ್ತಾಯಿತೆಂದು ನಾನು ರಿಜಿಸ್ಟರಿನಲ್ಲಿ ಬರೆಯಬೇಕು. ನಿಜವಾದ ಪರೀಕ್ಷೆ ಇರುವುದು ಕಟ್ಟೆಯನ್ನು ಬೇರೆ ಕಡೆಗೆ ಸರಿಸಿದಾಗ. ಎಳೆಯ ಇಲಿ ನಾಲ್ಕು ಸುತ್ತು ಹಾಕಿ ಹೊಸ ಜಾಗ ಕಂಡುಕೊಳ್ಳುತ್ತದೆ. ಮುದಿ ಇಲಿ ನೇರವಾಗಿ ಹಳೆಯ ಜಾಗಕ್ಕೇ ಹೋಗಿ, ‘ಇಲ್ಲೇ ಇತ್ತಲ್ಲ’ ಎಂಬಂತೆ ಅಲ್ಲೇ ಗಿರಕಿ ಹೊಡೆಯುತ್ತದೆ. ಅದನ್ನು ನೋಡಿ ನಾನು ಎಷ್ಟೋ ಸಲ ನಕ್ಕಿದ್ದೇನೆ. ಈಗ ನೆನೆಸಿಕೊಂಡರೆ ಆ ನಗುವಿಗೆ ನನಗೇ ನಾಚಿಕೆಯಾಗುತ್ತದೆ, ಏಕೆಂದರೆ ಈಗ ನನ್ನ ಕನ್ನಡಕ ಇಟ್ಟ ಜಾಗದಲ್ಲಿ ನಾನೂ ಹೀಗೇ ಗಿರಕಿ ಹೊಡೆಯುತ್ತೇನೆ.

ನಾವಿದ್ದದ್ದು ದಿಲ್‌ಸುಖ್‌ನಗರದಲ್ಲಿ, ಅಣ್ಣನ ಮನೆಯಲ್ಲಿ. ಅಣ್ಣ, ಅತ್ತಿಗೆ, ಅಪ್ಪ, ನಾನು. ಅಮ್ಮ ತೀರಿಕೊಂಡು ಆಗಲೇ ಬಹಳ ವರ್ಷಗಳಾಗಿದ್ದವು. ಅಪ್ಪ ಕಂದಾಯ ಇಲಾಖೆಯ ದಫ್ತರಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಕಲಬುರಗಿ ಕಡೆಯ ಅವರ ವಯಸ್ಸಿನವರೆಲ್ಲರಂತೆ ನಿಜಾಮರ ಕಾಲದ ಉರ್ದು ಶಾಲೆಯಲ್ಲಿ ಓದಿದವರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಲೆಕ್ಕ ಹಾಕುವಾಗ ಮತ್ತು ಸಿಟ್ಟು ಬಂದಾಗ ಉರ್ದು. ನಮಗೆ ಯಾರಿಗೂ ಉರ್ದು ಓದಲು ಬರುತ್ತಿರಲಿಲ್ಲ. ಮಾತು ಬರುತ್ತಿತ್ತು, ಹೈದರಾಬಾದಿನಲ್ಲಿ ಮಾತು ಯಾರಿಗೆ ಬರುವುದಿಲ್ಲ? ಅಕ್ಷರ ಮಾತ್ರ ಬಾರದು.

ಅಪ್ಪನಿಗೆ ವಾರದಲ್ಲಿ ಮೂರು ದಿನ, ಮಂಗಳವಾರ, ಗುರುವಾರ ಮತ್ತು ಶನಿವಾರ, ಒಂದು ಡ್ಯೂಟಿ ಇತ್ತು. ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಟ್ಟು, ಬಸ್ ಸ್ಟಾಪಿನ ಅಂಗಡಿಯಲ್ಲಿ ಉರ್ದು ಪತ್ರಿಕೆ ಕೊಂಡು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು, ನಾಂಪಲ್ಲಿಗೆ ಹೋಗುವುದು. ಅಲ್ಲಿ ಸ್ಟೇಶನ್ನಿನ ಹಿಂದಿನ ಗಲ್ಲಿಯಲ್ಲಿ ಅವರ ಶಾಲೆಯ ಗೆಳೆಯರಿದ್ದರು. ನಾವು ಅವರನ್ನು ನಾಂಪಲ್ಲಿ ಕಾಕಾ ಎನ್ನುತ್ತಿದ್ದೆವು. ಹಣೆಗೆ ಮೂರು ಬೆರಳಿನ ವಿಭೂತಿ, ಬಾಯಲ್ಲಿ ಪಟಪಟ ಉರ್ದು. ಸಕ್ಕರೆ ಕಾಯಿಲೆ ಅವರ ಎರಡೂ ಕಣ್ಣು ತಿಂದುಹಾಕಿತ್ತು. ಬೆಳಗಿನ ಚಹಾದ ಜೊತೆ ಪತ್ರಿಕೆ ಓದದೆ ಒಂದು ದಿನವೂ ಕಳೆಯದಿದ್ದ ಮನುಷ್ಯ. ಮಗ ಸೊಸೆಗೆ, ಮೊಮ್ಮಕ್ಕಳಿಗೆ ಉರ್ದು ಅಕ್ಷರ ಬಾರದು. ಹಾಗಾಗಿ ಅಪ್ಪ ಹೋಗಿ ಮೊದಲ ಪುಟದಿಂದ ಕೊನೆಯ ಪುಟದ ಸಂತಾಪ ಸೂಚನೆಯವರೆಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಸುದ್ದಿಗಿಂತ ಸುದ್ದಿಯ ಮೇಲಿನ ಜಗಳವೇ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಅಪ್ಪ ಮನೆಗೆ ಬಂದರೆ, ಗಂಟಲು ಒಣಗಿರುತ್ತಿತ್ತು, ಮುಖ ಅರಳಿರುತ್ತಿತ್ತು.

ಆ ವರ್ಷಗಳಲ್ಲಿ ನಮ್ಮ ರಾಜಧಾನಿಗೆ ಮೇಲ್ಸೇತುವೆಯ ಹುಚ್ಚು ಹಿಡಿದಿತ್ತು. ಎಲ್ಲಿ ನೋಡಿದರೂ ಅಗೆತ, ತಗಡಿನ ಬೇಲಿ, ಒನ್ ವೇ. ಇವತ್ತು ಇದ್ದ ಬಸ್ ಸ್ಟಾಪು ನಾಳೆ ಇನ್ನೊಂದು ಬೀದಿಯಲ್ಲಿ. ನಾಂಪಲ್ಲಿಯಲ್ಲೂ ರಸ್ತೆ ಒನ್ ವೇ ಆಗಿ, ದಿಲ್‌ಸುಖ್‌ನಗರದ ಬಸ್ಸು ನಿಲ್ಲುವ ಸ್ಟಾಪನ್ನು ತಿರುವಿನ ಆಚೆಗೆ ಒಯ್ದರು. ಹಳೆಯ ಸ್ಟಾಪಿನಲ್ಲಿ ಈಗ ಕೂಕಟ್‌ಪಲ್ಲಿ ಕಡೆಗೆ ಹೋಗುವ ಬಸ್ಸುಗಳು ನಿಲ್ಲುತ್ತಿದ್ದವು. ಅಪ್ಪ ಬಸ್ಸಿನ ಬೋರ್ಡು ನೋಡುವವರಲ್ಲ, ಜಾಗ ನೋಡುವವರು. ಒಂದು ಗುರುವಾರ ಅಭ್ಯಾಸದಂತೆ ಅಲ್ಲೇ ನಿಂತು, ಬಂದ ಬಸ್ಸು ಹತ್ತಿ, ಕಿಟಕಿಯ ಪಕ್ಕ ಕುಳಿತು ನಿದ್ದೆ ಹೊಡೆದು, ಊರಿನ ಇನ್ನೊಂದು ತುದಿಯ ಕೂಕಟ್‌ಪಲ್ಲಿಯಲ್ಲಿ ಇಳಿದರು. ಸಂಜೆ ನಾಲ್ಕಕ್ಕೆ ಆಟೋದಲ್ಲಿ ಮನೆಗೆ ಬಂದು, ಊರು ಎಷ್ಟು ಬೆಳೆದಿದೆ ನೋಡಿಕೊಂಡು ಬಂದೆ ಎಂದರು. ನಾವೆಲ್ಲ ನಕ್ಕೆವು. ಅಣ್ಣ ಹೊಸ ಸ್ಟಾಪು ಎಲ್ಲಿದೆ ಎಂದು ಕಾಗದದ ಮೇಲೆ ನಕ್ಷೆ ಬರೆದುಕೊಟ್ಟ. ಮುಂದಿನ ವಾರ ನಕ್ಷೆಯನ್ನು ಜೇಬಿನಲ್ಲಿಟ್ಟುಕೊಂಡೇ ಅಪ್ಪ ಮತ್ತೆ ಕೂಕಟ್‌ಪಲ್ಲಿಗೆ ಹೋದರು.

ಈ ಸಲ ಅಣ್ಣ ನಗಲಿಲ್ಲ. ಅವನು ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಸುರಕ್ಷತೆಯ ಅಧಿಕಾರಿ. ಒಂದು ಅಪಘಾತ ಆದ ಮೇಲೆ ಎರಡನೆಯದಕ್ಕೆ ಕಾಯಬಾರದು ಎಂಬುದು ಅವನ ಉದ್ಯೋಗಧರ್ಮ. ಇನ್ನು ಅಪ್ಪ ಒಬ್ಬರೇ ಹೊರಗೆ ಹೋಗುವುದು ಬೇಡ ಎಂದ. ಅಪ್ಪನಿಗೆ ಎಪ್ಪತ್ತಾರು ದಾಟಿತ್ತು. ಅರವತ್ತಕ್ಕೇ ಅರಳು ಮರಳು ಎನ್ನುತ್ತಾರೆ, ಇವರಿಗೆ ಹದಿನಾರು ವರ್ಷ ತಡವಾಗಿ ಬಂದಿದೆ, ಅದಕ್ಕೆ ಸಂತೋಷಪಡು ಎಂದೆ. ಅಣ್ಣನಿಗೆ ನನ್ನ ಮಾತು ರುಚಿಸಲಿಲ್ಲ. ಡಾಕ್ಟರ ಹತ್ತಿರ ನೆನಪಿನ ಪರೀಕ್ಷೆ ಮಾಡಿಸೋಣ, ಅವರು ಹೂಂ ಅಂದರೆ ನಾಂಪಲ್ಲಿ, ಊಹೂಂ ಅಂದರೆ ಮನೆ ಎಂದು ತೀರ್ಮಾನವಾಯಿತು. ಅಪ್ಪ ಒಪ್ಪಿದರು. ಪರೀಕ್ಷೆ ಎಂದರೆ ಅವರಿಗೆ ಎಂದೂ ಭಯವಿರಲಿಲ್ಲ.

ಸರ್ಕಾರಿ ಆಸ್ಪತ್ರೆಯ ಡಾಕ್ಟರು ಗುಂಟೂರು ಕಡೆಯ ಎಳೆಯ ಹುಡುಗ, ಒಳ್ಳೆಯವನು, ಕೈಯಲ್ಲಿ ಪ್ರಶ್ನೆಗಳ ಹಾಳೆ. ಇದು ಯಾವ ವರ್ಷ ಎಂದು ತೆಲುಗಿನಲ್ಲಿ ಕೇಳಿದರು. ಅಪ್ಪ ಗಂಟಲು ಸರಿಪಡಿಸಿಕೊಂಡು, ಸುಮಾರು ಆರು ನೂರು ವರ್ಷ ಹಿಂದಿನ ಒಂದು ಸಂಖ್ಯೆ ಹೇಳಿದರು. ಡಾಕ್ಟರು ಕನಿಕರದಿಂದ ಸೊನ್ನೆ ಬರೆದುಕೊಂಡರು. ನನಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅಪ್ಪ ಹೇಳಿದ್ದು ಫಸಲಿ ವರ್ಷ. ಕಂದಾಯದ ಲೆಕ್ಕದ ವರ್ಷ ಅದು, ಇಸವಿಗಿಂತ ಐನೂರ ತೊಂಬತ್ತು ಹಿಂದೆ. ಪಹಣಿಯಲ್ಲಿ, ಜಮಾಬಂದಿಯಲ್ಲಿ ನೌಕರಿ ಮುಗಿಯುವವರೆಗೂ ಅಪ್ಪ ಬರೆದದ್ದು ಅದೇ ವರ್ಷ. ಸರ್ಕಾರಿ ಡಾಕ್ಟರು ಕೇಳಿದ್ದಾರೆಂದರೆ ಸರ್ಕಾರಿ ವರ್ಷವನ್ನೇ ಹೇಳಬೇಕು ಎಂಬುದು ಅವರ ಲೆಕ್ಕ. ನಾನು ಬಾಯಿ ಹಾಕಲು ಹೋದೆ. ಡಾಕ್ಟರು, ಮೇಡಂ ದಯವಿಟ್ಟು ಸುಮ್ಮನಿರಿ ಎಂದರು.

ನೂರರಿಂದ ಏಳೇಳು ಕಳೆಯುತ್ತ ಬನ್ನಿ ಎಂದರು. ಅಪ್ಪ ಕಣ್ಣು ಮುಚ್ಚಿ ಉರ್ದುವಿನಲ್ಲಿ, ತಿರಾನ್ವೇ, ಛಿಯಾಸೀ, ಉನ್ಯಾಸೀ, ಬಹತ್ತರ್ ಎಂದು ನೀರು ಕುಡಿದ ಹಾಗೆ ಹೇಳಿಬಿಟ್ಟರು. ಗುಂಟೂರಿನ ಹುಡುಗನಿಗೆ ಉರ್ದು ಲೆಕ್ಕ ಎಲ್ಲಿಂದ ಬರಬೇಕು? ಇನ್ನೊಂದು ಸೊನ್ನೆ. ಆಗ ನಾನು ತಡೆಯಲಾರದೆ ಜಗಳಕ್ಕೇ ಇಳಿದೆ. ಕಾಗದ ಪೆನ್ನು ತೆಗೆದುಕೊಂಡು ಒಂದೊಂದೇ ಸಂಖ್ಯೆ ಬರೆದು ತೋರಿಸಿದೆ. ಫಸಲಿ ವಿಷಯ ವಿವರಿಸಿದೆ. ಪಾಪ, ಅವರು ನಕ್ಕು ಎರಡೂ ಸೊನ್ನೆ ಹೊಡೆದುಹಾಕಿ ಪೂರ್ತಿ ಅಂಕ ಕೊಟ್ಟರು. ನಾನು ಅಣ್ಣನ ಕಡೆ ಗೆದ್ದವಳ ಹಾಗೆ ನೋಡಿದೆ.

ಆ ಗೆಲುವು ಹೆಚ್ಚು ಹೊತ್ತು ಉಳಿಯಲಿಲ್ಲ. ಆರಂಭದಲ್ಲಿ ಡಾಕ್ಟರು ಮೂರು ಪದ ಹೇಳಿ, ಇವನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಕೇಳುತ್ತೇನೆ ಎಂದಿದ್ದರು. ಬಾಳೆಹಣ್ಣು, ಕೀಲಿ, ಗಡಿಯಾರ. ಈಗ ಕೇಳಿದರು.  ಅಪ್ಪ, ಯಾವ ಪದ ಎಂದು ನನ್ನನ್ನು ನೋಡಿದರು. ಪದಗಳು ಮರೆತದ್ದಷ್ಟೇ ಅಲ್ಲ, ಪದ ಹೇಳಿದ್ದೇ ನೆನಪಿರಲಿಲ್ಲ. ಅರವತ್ತೈದು ವರ್ಷದ ಹಿಂದೆ ಶಾಲೆಯಲ್ಲಿ ಕಲಿತ ಲೆಕ್ಕ ಬೆಣ್ಣೆಯ ಹಾಗೆ ಬಂತು, ಐದು ನಿಮಿಷದ ಹಿಂದಿನದು ಮಂಗಮಾಯ. ಇದಕ್ಕೆ ಯಾವ ಫಸಲಿಯನ್ನೂ ಅಡ್ಡ ತರುವಂತಿರಲಿಲ್ಲ.  ಇದು ಕಾಯಿಲೆಯೆಂದು ಈಗಲೇ ಹೇಳುವಂತಿಲ್ಲ, ವಯಸ್ಸು, ಆದರೆ ಒಬ್ಬರನ್ನೇ ದೂರ ಕಳಿಸುವುದು ಬೇಡ ಎಂದು ಡಾಕ್ಟರು ಹೇಳಿದರು. ಅಣ್ಣನಿಗೆ ಅದೇ ಕೊನೆಯ ಆದೇಶ.

ಅಪ್ಪ ಜಗಳ ಆಡಲಿಲ್ಲ. ಅದರಿಂದಲೇ ನನಗೆ ಹೆದರಿಕೆಯಾಯಿತು. ಮಂಗಳವಾರ ಒಂಬತ್ತಕ್ಕೆ ಅಂಗಿ ಹಾಕಿಕೊಂಡು, ಚೀಲ ತೊಡೆಯ ಮೇಲಿಟ್ಟುಕೊಂಡು ವರಾಂಡದಲ್ಲಿ ಕುಳಿತರು. ಹತ್ತೂವರೆಗೆ ಫೋನು ಬಂತು. ನಾಂಪಲ್ಲಿ ಕಾಕಾ, ಇನ್ನೂ ಯಾಕೆ ಬರಲಿಲ್ಲ ಎಂದು ಕೇಳಲು ಸೊಸೆಯಿಂದ ಫೋನು ಹಚ್ಚಿಸಿದ್ದರು. ಅಪ್ಪ ಫೋನು ತೆಗೆದುಕೊಂಡು, ಮೊಣಕಾಲು ನೋವು ಎಂದರು. ಗುರುವಾರವೂ ಮೊಣಕಾಲು. ಶನಿವಾರ ಫೋನು ಬಂದಾಗ ಅಪ್ಪ ಎದ್ದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ಅವತ್ತು ನಾನು ಅಣ್ಣನಿಗೆ, ಒಂದು ತಿಂಗಳು ಕೊಡು, ಅವರಿಗೆ ಹೊಸ ದಾರಿ ಕಲಿಸುತ್ತೇನೆ, ಕಲಿಯದಿದ್ದರೆ ನೀನು ಹೇಳಿದ ಹಾಗೆ ಎಂದೆ. ಅಣ್ಣ, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಗಾದೆ ಹೇಳಿದ. ಗಾದೆ ಮಾಡಿದವರು ನಮ್ಮ ಇಲಿಗಳನ್ನು ನೋಡಿಲ್ಲ ಎಂದು ಹೇಳಿ ಎದ್ದುಬಂದೆ. 

ಸೋಮವಾರ ನಮ್ಮ ವಿಭಾಗದ ಮೇಡಂ ಹತ್ತಿರ ಹೋಗಿ ಕೇಳಿದೆ. ಅವರು ಮುದಿ ಇಲಿಗಳ ಮಿದುಳಿನ ತೆಳು ಪದರಗಳನ್ನು ನೋಡುತ್ತ ತಲೆಗೂದಲು ಬೆಳ್ಳಗೆ ಮಾಡಿಕೊಂಡವರು. ಅವರು ಹೇಳಿದ್ದನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ. ಮಿದುಳಿನಲ್ಲಿ ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ದಾಟಿಸುವ ಸಂಧಿಗಳಿರುತ್ತವೆ, ಕಾಂಪೌಂಡ್ ಗೋಡೆಯ ಮೇಲಿಂದ ಮಾತಾಡುವ ಇಬ್ಬರು ನೆರೆಯವರ ಹಾಗೆ. ಮಾತು ಹೆಚ್ಚು ಹೆಚ್ಚು ನಡೆದಷ್ಟೂ ಆ ಸಂಧಿ ಗಟ್ಟಿಯಾಗುತ್ತದೆ, ನಿಂತರೆ ಸಡಿಲಾಗುತ್ತದೆ. ನೆನಪು ಎಂದರೆ ಇದೇ, ಗಟ್ಟಿಯಾದ ಸಂಧಿಗಳು. ವಯಸ್ಸಾದ ಮಾತ್ರಕ್ಕೆ ಕೋಶಗಳೆಲ್ಲ ಸತ್ತುಹೋಗುವುದಿಲ್ಲ. ಬದಲಾಗುವ ಗುಣ ಮಂದವಾಗುತ್ತದೆ. ಎಳೆಯ ಮಿದುಳಿಗೆ ಎರಡು ಸಲ ಹೇಳಿದರೆ ಹಿಡಿಯುವುದು ಮುದಿ ಮಿದುಳಿಗೆ ಇಪ್ಪತ್ತು ಸಲ ಬೇಕು. ಇಪ್ಪತ್ತನ್ನು ಒಂದೇ ದಿನ ತುರುಕಿದರೆ ಪ್ರಯೋಜನವಿಲ್ಲ. ದಿನಕ್ಕಿಷ್ಟು, ನಡುವೆ ವಿಶ್ರಾಂತಿ, ಗುರುತುಗಳು ಬದಲಾಗಬಾರದು, ಬೆದರಿಕೆ ಇರಬಾರದು, ಕೊನೆಯಲ್ಲಿ ಏನಾದರೂ ಸಿಹಿ ಇರಬೇಕು. ಮೇಡಂ ಇಷ್ಟು ಹೇಳಿ, ಇದು ಯಾವ ಇಲಿ ಎಂದು ಕೇಳಿದರು. ನಾನು ಮಾತು ಬದಲಿಸಿದೆ.

ರಜೆ ಹಾಕಿ ತರಬೇತಿ ಶುರು ಮಾಡಿದೆ. ದಿನವೂ ಅದೇ ಹೊತ್ತು, ಅದೇ ನಂಬರಿನ ಬಸ್ಸು. ಹೈದರಾಬಾದಿನ ಬಸ್ಸಿನಲ್ಲಿ ಹೆಂಗಸರು ಮುಂದೆ, ಗಂಡಸರು ಹಿಂದೆ. ಹಾಗಾಗಿ ಗುರು ಮುಂದಿನ ಬಾಗಿಲಲ್ಲಿ, ಶಿಷ್ಯ ಹಿಂದಿನ ಬಾಗಿಲಲ್ಲಿ. ದಾರಿಯುದ್ದಕ್ಕೂ ಕತ್ತು ತಿರುಗಿಸಿ ನೋಡಿ ನೋಡಿ ನನಗೆ ಕತ್ತು ಹಿಡಿದುಹೋಯಿತು. ಹೋಗುವಾಗ ತೊಂದರೆಯಿರಲಿಲ್ಲ. ಪಾಠವಿದ್ದದ್ದು ಬರುವಾಗ. ಕಾಕಾನ ಮನೆಯಿಂದ ಹೊರಟು, ಕಬ್ಬಿನ ಹಾಲಿನ ಗಾಣದ ಹತ್ತಿರ ಬಲಕ್ಕೆ, ಹಳೆಯ ಸ್ಟಾಪಿನ ಕಡೆ, ತಿರುಗದೆ ಎಡಕ್ಕೆ ತಿರುಗಬೇಕು, ಆಮೇಲೆ ಹಸಿರು ಬಾಗಿಲಿನ ಬೀಗ ರಿಪೇರಿ ಅಂಗಡಿ, ಆಮೇಲೆ ಮಸೀದಿಯ ಗೋಡೆ, ಅದರ ತುದಿಗೆ ಹೊಸ ಸ್ಟಾಪು. ಸ್ಟಾಪಿನ ಎದುರಿಗೇ ಒಂದು ಇರಾನಿ ಹೋಟೆಲು. ಅಲ್ಲಿ ಚಹಾ ಮತ್ತು ಎರಡು ಉಸ್ಮಾನಿಯಾ ಬಿಸ್ಕತ್ತು. ಸ್ಟಾಪು ತಾವಾಗಿಯೇ ಹುಡುಕಿದ ದಿನ ಮೂರು ಬಿಸ್ಕತ್ತು.

ಮೊದಲ ವಾರ ಅಪ್ಪ ಪ್ರತಿದಿನ ಕಬ್ಬಿನ ಗಾಣದ ಹತ್ತಿರ ಬಲಕ್ಕೇ ಹೊರಟರು. ನಾನು ತಡೆಯುತ್ತಿರಲಿಲ್ಲ. ಹಳೆಯ ಸ್ಟಾಪಿಗೆ ಹೋಗಿ ನಿಂತು, ಸುತ್ತ ನೋಡಿ, ‘ಇಲ್ಲೇ ಇತ್ತಲ್ಲ’ ಎಂಬ ಮುಖ ಮಾಡುತ್ತಿದ್ದರು. ಬಿಸಿಲಲ್ಲಿ ಹಾಗೆ ನಿಂತ ಅಪ್ಪನನ್ನು ನೋಡಿದಾಗ ನನಗೆ ನಗು ಬರಲಿಲ್ಲ. ಎರಡನೆಯ ವಾರ ಗಾಣದ ಹತ್ತಿರ ನಿಂತು ಯೋಚಿಸತೊಡಗಿದರು. ಮೂರನೆಯ ವಾರ ಒಂದು ದಿನ ಎಡಕ್ಕೆ ತಿರುಗಿದರು, ಮಾರನೆಯ ದಿನ ಮತ್ತೆ ಬಲ, ಅದರ ಮಾರನೆಯ ದಿನ ಎಡ. ಆ ದಿನ ಹೋಟೆಲಿನಲ್ಲಿ ನಾನು ತಟ್ಟೆಗೆ ಮೂರನೆಯ ಬಿಸ್ಕತ್ತು ಇಟ್ಟಾಗ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ನನ್ನ ನೌಕರಿಯ ವಿಷಯ ಅವರಿಗೆ ಚೆನ್ನಾಗಿ ಗೊತ್ತಿತ್ತಲ್ಲ.

“ನನ್ನೂ ತೊಟ್ಟ್ಯಾಗ ಇಳಿಸೀದಿ ಅಲ್ಲಾ ನೀ?” ಎಂದರು.

ನಾನು ತಪ್ಪಿಸಿಕೊಳ್ಳಲು ನೋಡಿದೆ, ಆಗಲಿಲ್ಲ. ಹೂಂ ಎಂದೆ. ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಅವರು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ತಿಂದು, ಇಲಿಗಳಿಗೂ ಉಸ್ಮಾನಿಯಾನೇ ಕೊಡುತ್ತೀಯೋ ಅಥವಾ ತಂದೆಗೆ ಮಾತ್ರವೋ ಎಂದು ವಿಚಾರಿಸಿದರು. ಆಮೇಲೆ ಅವರೇ ಉತ್ಸಾಹದಿಂದ ತರಬೇತಿಗೆ ಇಳಿದರು. ಬೀಗದಂಗಡಿ ಬಂತು, ಬರೆದುಕೋ, ಮಸೀದಿ ಗೋಡೆ ಬಂತು, ಬರೆದುಕೋ ಎಂದು ನನ್ನನ್ನೇ ಗುಮಾಸ್ತೆ ಮಾಡಿಕೊಂಡರು. ತಿಂಗಳು ಮುಗಿಯುವ ಹೊತ್ತಿಗೆ ಐದು ದಿನ ಸತತವಾಗಿ ತಪ್ಪಲಿಲ್ಲ. ಕೊನೆಯ ದಿನ ಅವರನ್ನು ಒಬ್ಬರೇ ಬಿಟ್ಟು, ನಾನು ಬೀದಿಯ ಆಚೆಬದಿ ತಲೆಗೆ ಸೆರಗು ಮುಚ್ಚಿಕೊಂಡು ಕಳ್ಳಿಯ ಹಾಗೆ ಹಿಂಬಾಲಿಸಿದೆ. ಅಪ್ಪ ಸ್ಟಾಪಿಗೆ ಬಂದರು, ಬಸ್ಸು ಹತ್ತಿದರು, ಕಿಟಕಿಯಿಂದ ನನ್ನತ್ತ ಕೈ ಬೀಸಿದರು. ಅಣ್ಣ ರಿಜಿಸ್ಟರು ತೋರಿಸು ಎಂದ. ತೋರಿಸಿದೆ, ನಿಜವಾಗಿಯೂ ಬರೆದಿಟ್ಟಿದ್ದೆ, ತಪ್ಪಿದ ದಿನಗಳನ್ನೂ ಸೇರಿಸಿ. ಅವನು ಕೊನೆಯ ಪುಟದವರೆಗೆ ಓದಿ, ಸರಿ, ಆದರೆ ಇನ್ನೊಂದು ಸಲ ದಾರಿ ತಪ್ಪಿದರೆ ಅಥವಾ ಬೇರೆ ಏನಾದರೂ ಏರುಪೇರು ಕಂಡರೆ ಅಲ್ಲಿಗೆ ಮುಗಿಯಿತು ಎಂದ. ಏರುಪೇರು ಕಂಡರೆ ಮುಚ್ಚಿಡದೆ ಹೇಳಬೇಕೆಂದು ನನ್ನಿಂದ ಮಾತು ತೆಗೆದುಕೊಂಡ.

ಎಂಟು ಹತ್ತು ತಿಂಗಳು ಎಲ್ಲ ಚೆನ್ನಾಗಿ ನಡೆಯಿತು. ಒಮ್ಮೆಯೂ ದಾರಿ ತಪ್ಪಲಿಲ್ಲ. ನಾನು ಮತ್ತೆ ನನ್ನ ಇಲಿಗಳ ಹತ್ತಿರ ಹೋದೆ, ಈ ಸಲ ಅವುಗಳಿಗೆ ಹೆಚ್ಚು ಮರ್ಯಾದೆ ಕೊಡುತ್ತ. ಒಂದು ಶನಿವಾರ ರಜೆಯಿತ್ತು. ಕಾಕಾನ ಮನೆಗೆ ಹಪ್ಪಳ ಕೊಡುವ ನೆಪದಲ್ಲಿ ಅಪ್ಪನ ಜೊತೆ ಹೋದೆ. ಅಪ್ಪ ಚೀಲದಿಂದ ಪತ್ರಿಕೆ ತೆಗೆದು ಓದಲು ಕುಳಿತರು. ಯಾವುದೋ ಊರಿನಲ್ಲಿ ಕೆರೆ ಒಡೆದದ್ದು, ಯಾವುದೋ ಮಂತ್ರಿಯ ಭಾಷಣ. ಕಾಕಾ ಹೂಂಗುಟ್ಟುತ್ತಿದ್ದರು, ಮಂತ್ರಿಗೆ ಬಯ್ಯುತ್ತಿದ್ದರು. ಕೇಳುತ್ತ ಕೇಳುತ್ತ ನನಗೆ ಅನುಮಾನ ಬಂತು. ಆ ಕೆರೆ ಒಡೆದ ಸುದ್ದಿಯನ್ನು ನಾನು ಟಿ.ವಿ.ಯಲ್ಲಿ ಸೋಮವಾರವೇ ನೋಡಿದ್ದೆ. ಪತ್ರಿಕೆಯ ಮಡಿಕೆಗಳು ಸವೆದು ಬಟ್ಟೆಯ ಹಾಗೆ ಮೆತ್ತಗಾಗಿದ್ದವು. ಅಪ್ಪ ಕೈ ತೊಳೆಯಲು ಹಿತ್ತಲಿಗೆ ಹೋದಾಗ ಕಾಕಾ ನಾನಿದ್ದ ಕಡೆಗೆ ಮುಖ ತಿರುಗಿಸಿದರು. ಕಣ್ಣಿಲ್ಲದವರಿಗೆ ನನ್ನ ಸುಮ್ಮನಿರುವಿಕೆಯೇ ಕೇಳಿಸಿತ್ತೇನೋ.

“ಮಂಗಳವಾರ ಓದ್ಯಾನ, ಗುರುವಾರ ಓದ್ಯಾನ, ಇವತ್ತ ಮೂರನೇದು,” ಎಂದರು, ದನಿ ತಗ್ಗಿಸಿ. “ಚೀಲದಾಗ ಪೇಪರ್ ಇದ್ರ ಹೊಸಾದು ತೊಗೊಂಡೀನಿ ಅಂತ ತಿಳಕೊತಾನ. ಎರಡು ತಿಂಗಳಾತು ಹಿಂಗ. ಮನ್ಯಾಗ ಹೇಳಬ್ಯಾಡವ್ವಾ. ಹೇಳಿದ್ರ ಅವನ್ನ ಕಳಸೂದು ಬಂದ್ ಮಾಡ್ತಾರ.”

ನಾನು ಏನೂ ಹೇಳುವ ಮೊದಲೇ ಅಪ್ಪ ಕೈ ಒರೆಸಿಕೊಳ್ಳುತ್ತ ಬಂದರು. ಎಲ್ಲಿಗೆ ನಿಲ್ಲಿಸಿದ್ದೆ ಎಂದು ಕೇಳಿದರು. ಕಾಕಾ, ಮಂತ್ರಿ ಭಾಷಣದಲ್ಲಿ ಎಂದರು. ಭಾನುವಾರ ಅತ್ತಿಗೆ ಚೀಲ ಖಾಲಿ ಮಾಡಿ ಒಗೆಯುತ್ತಿದ್ದರಿಂದ ಮಂಗಳವಾರ ಮಾತ್ರ ಹೊಸ ಪತ್ರಿಕೆ ಬರುತ್ತಿತ್ತು. ಎರಡು ತಿಂಗಳು. ಪತ್ರಿಕೆಯಿಲ್ಲದೆ ಬದುಕಲಾರದ ಮನುಷ್ಯ ಒಂದೇ ಸುದ್ದಿಯನ್ನು ಮೂರು ಮೂರು ಸಲ ಕೇಳಿ, ಮೂರು ಸಲವೂ ಹೊಸದಾಗಿ ಮಂತ್ರಿಗೆ ಬಯ್ದಿದ್ದರು.

ಆ ದಿನ ಮನೆಗೆ ಬಂದಾಗ ಅಣ್ಣ, ಎಲ್ಲ ಸರಿಯಿದೆಯಾ ಎಂದು ಕೇಳಿದ. ಇಪ್ಪತ್ತು ವರ್ಷದ ನೌಕರಿಯಲ್ಲಿ ಒಂದು ಇಲಿಯ ಒಂದು ಸೆಕೆಂಡನ್ನೂ ಸುಳ್ಳು ಬರೆಯದಿದ್ದವಳು ನಾನು. ಎಲ್ಲ ಸರಿಯಿದೆ ಎಂದೆ. ಸುಳ್ಳು ಹೇಳಿದ್ದಕ್ಕೆ ಆಗ ಬೇಸರವಾಗಲಿಲ್ಲ, ಈಗಲೂ ಇಲ್ಲ.

ಆದರೆ ಸುಳ್ಳು ಹೇಳಿದ ಮೇಲೆ ಅದನ್ನು ಸಾಕಬೇಕಲ್ಲ. ಮಂಗಳವಾರದಿಂದ ಬೆಳಿಗ್ಗೆ ಹಾಲು ತರಲು ಹೋದಾಗ ಉರ್ದು ಪತ್ರಿಕೆಯನ್ನೂ ತಂದು, ಅಪ್ಪ ಸ್ನಾನಕ್ಕೆ ಹೋದಾಗ ಚೀಲದ ಹಳೆಯದನ್ನು ತೆಗೆದು ಹೊಸದನ್ನು ಇಡತೊಡಗಿದೆ. ಮೂರನೆಯ ದಿನವೇ ಎಡವಟ್ಟಾಯಿತು. ಹಳೆಯದು, ಹೊಸದು ಎರಡೂ ಮೇಜಿನ ಮೇಲಿದ್ದವು. ಯಾವುದು ಯಾವುದೆಂದು ನನಗೆ ತಿಳಿಯಲಿಲ್ಲ. ಎರಡರ ಮೇಲೂ ಒಂದೇ ತರಹದ ಸೊಟ್ಟ ಗೀಟುಗಳು. ಅಂದಾಜಿನ ಮೇಲೆ ಒಂದನ್ನು ತುರುಕಿದೆ. ಅದು ಹಳೆಯದೇ ಆಗಿತ್ತೆಂದು, ನನ್ನ ಉಪಾಯ ಗೊತ್ತಿದ್ದ ಕಾಕಾ ಸಂಜೆ ಫೋನಿನಲ್ಲಿ ಗುಟ್ಟಾಗಿ ತಿಳಿಸಿದರು. ಅವತ್ತೇ ಅಪ್ಪನ ಮುಂದೆ ಕುಳಿತು, ನನಗೆ ಉರ್ದು ಓದಲು ಕಲಿಸಿ ಎಂದೆ. ನನಗೆ ಆಗ ನಲವತ್ತೊಂಬತ್ತು.

ಅಪ್ಪ ಮೊದಲು ನಕ್ಕರು, ಆಮೇಲೆ ಸ್ಲೇಟು ತರಿಸಿದರು. ಬೆಳಿಗ್ಗೆ ಕಾಲು ಗಂಟೆ, ಸಂಜೆ ಕಾಲು ಗಂಟೆ. ಒಂದು ಚುಕ್ಕೆ ಮೇಲಿದ್ದರೆ ಒಂದು ಅಕ್ಷರ, ಕೆಳಗಿದ್ದರೆ ಇನ್ನೊಂದು, ಎರಡಿದ್ದರೆ ಮತ್ತೊಂದು. ನನ್ನ ತಲೆಗೆ ಹತ್ತುತ್ತಲೇ ಇರಲಿಲ್ಲ. ರಾತ್ರಿ ಬಾಯಿಪಾಠ ಮಾಡಿದ್ದು ಬೆಳಿಗ್ಗೆ ಹಾರಿಹೋಗಿರುತ್ತಿತ್ತು. ಬೇರೆ ಯಾವ ಮೇಷ್ಟರಾಗಿದ್ದರೂ ಬೆತ್ತ ಹಿಡಿಯುತ್ತಿದ್ದರು. ಅಪ್ಪ ಹಿಡಿಯಲಿಲ್ಲ, ಏಕೆಂದರೆ ನಿನ್ನೆ ಎಲ್ಲಿಯವರೆಗೆ ಕಲಿಸಿದ್ದೆ ಎಂಬುದು ಅವರಿಗೂ ನೆನಪಿರುತ್ತಿರಲಿಲ್ಲ. ಪ್ರತಿದಿನ ಹೊಸ ವಿದ್ಯಾರ್ಥಿನಿ ಬಂದಳೆಂಬ ಹುರುಪಿನಿಂದ ಮೊದಲ ಅಕ್ಷರ ಅಲಿಫ್‌ನಿಂದಲೇ ಆರಂಭಿಸುತ್ತಿದ್ದರು. ನನ್ನ ವಯಸ್ಸಿಗೆ ಅದಕ್ಕಿಂತ ಒಳ್ಳೆಯ ಪಾಠಕ್ರಮ ಯಾವುದಿತ್ತು? ಎರಡು ತಿಂಗಳಲ್ಲಿ ತಾರೀಖು ಓದತೊಡಗಿದೆ. ಆರು ತಿಂಗಳಲ್ಲಿ ಅಂಗಡಿಗಳ ಹೆಸರು. ಬಸ್ಸಿನ ಕಿಟಕಿಯಿಂದ ಒಂದೊಂದೇ ಬೋರ್ಡು ಓದುತ್ತ ಹೋಗುವಾಗ, ಇಷ್ಟು ವರ್ಷ ಅರ್ಧ ಊರಿನ ಬಾಯಿ ಮುಚ್ಚಿಸಿ ಬದುಕಿದ್ದೆನಲ್ಲ ಎನ್ನಿಸಿತು.

ಒಂದೂವರೆ ವರ್ಷದ ನಂತರ ಅಪ್ಪ ಒಬ್ಬರೇ ಹೋಗುವುದು ತಾನಾಗಿಯೇ ನಿಂತಿತು. ಯಾರೂ ನಿಲ್ಲಿಸಬೇಕಾಗಲಿಲ್ಲ. ಒಂದು ದಿನ ಚಪ್ಪಲಿ ಹಾಕಿಕೊಂಡವರು ಬಾಗಿಲಲ್ಲೇ ನಿಂತು, ಎಲ್ಲಿಗೆ ಹೊರಟಿದ್ದೆ ಎಂದು ಕೇಳಿದರು. ಆಮೇಲೆ ಶನಿವಾರ ಮಾತ್ರ, ನನ್ನ ಜೊತೆ. ಓದುವುದೂ ತೊಡಕಾಗುತ್ತ ಬಂತು. ಒಂದೇ ಸಾಲನ್ನು ಎರಡು ಸಲ ಓದುತ್ತಿದ್ದರು, ನಡುವೆ ನಿಂತು ಹಾಳೆ ನೋಡುತ್ತ ಕೂರುತ್ತಿದ್ದರು. ಕಾಕಾ ಆತುರ ಮಾಡುತ್ತಿರಲಿಲ್ಲ. ಒಂದು ಶನಿವಾರ ಹೀಗೇ ನಿಂತವರು ಪತ್ರಿಕೆಯನ್ನು ಮಡಿಸಿ ನನ್ನ ಕೈಗೆ ಕೊಟ್ಟು, ನೀನು ಓದು ಎಂದರು.

ಅಂಗಡಿಯ ಬೋರ್ಡು ಬೇರೆ, ಪತ್ರಿಕೆ ಬೇರೆ. ಅಕ್ಷರ ಕೂಡಿಸಿ ಕೂಡಿಸಿ ಮೊದಲ ಸುದ್ದಿ ಓದಿ ಮುಗಿಸುವಷ್ಟರಲ್ಲಿ ಕಾಕಾನ ಚಹಾ ಆರಿಹೋಗಿತ್ತು. ಹದಿನೈದು ಕಡೆ ಎಡವಿದೆ, ಹದಿನೈದು ಕಡೆಯೂ ಕಾಕಾ ತಿದ್ದಿದರು.  ಎರಡನೆಯ ಸುದ್ದಿಗೆ ಬಂದಾಗ ಅಪ್ಪ, ಮೊದಲನೆಯದು ಓದಲಿಲ್ಲವಲ್ಲ ಎಂದರು. ಓದಿದೆ ಎನ್ನಲು ಬಾಯಿ ತೆರೆದೆ. ಕಾಕಾ ಕೈ ಸನ್ನೆ ಮಾಡಿ, ಓದವ್ವಾ, ನಮಗೇನು ಅವಸರ ಎಂದರು. ಮತ್ತೆ ಮೊದಲಿನಿಂದ ಓದಿದೆ. ಈ ಸಲ ನಾಲ್ಕೇ ಕಡೆ ಎಡವಿದೆ.

ಅಪ್ಪ ಕಾಕಾನ ತೊಡೆ ತಟ್ಟಿದರು.

“ಛಲೋ ಓದಾಕತ್ತಾಳ ನೋಡ. ನಾನ ಕಲಿಸೀನಿ ಇಕೀಗೆ.”

ಆ ವಾರ ಬೆಳಿಗ್ಗೆ ಏನು ತಿಂದೆ ಎಂಬುದು ಮಧ್ಯಾಹ್ನ ಅವರಿಗೆ ನೆನಪಿರುತ್ತಿರಲಿಲ್ಲ. ಒಂದು ದಿನದ ಪಾಠವೂ ಇನ್ನೊಂದು ದಿನಕ್ಕೆ ಉಳಿದಿರಲಿಲ್ಲ. ಕಲಿಸಿದವರು ತಾವು ಎಂಬುದು ಉಳಿದಿತ್ತು. ನನಗೆ ಅಕ್ಷರಗಳೆಲ್ಲ ಕಲಸಿಹೋಗಿ ಕಣ್ಣು ಒರೆಸಿಕೊಳ್ಳಬೇಕಾಯಿತು. ಯಾಕೆ ನಿಲ್ಲಿಸಿದೆ ಎಂದು ಕಾಕಾ ಕೇಳಿದರು. ನಾನು ಎರಡನೆಯ ಸುದ್ದಿ ಓದಿದೆ.